ಆಸ್ಪತ್ರೆಯ ಬಿಲ್ಲು, ಅಧಿಕಾರಿಯ ಜಾಲತಾಣ ಮತ್ತು ರೋಗಿಯ ಹಕ್ಕು

ಸಾಮಾಜಿಕ ಜಾಲತಾಣಗಳಲ್ಲಿ ಒಂದು ಬಗೆಯ ಸುದ್ದಿಯನ್ನು ನಾವು ಪದೇ ಪದೇ ಓದುತ್ತಿದ್ದೇವೆ. ಬಾಕಿ ಹಣಕ್ಕಾಗಿ ಖಾಸಗಿ ಆಸ್ಪತ್ರೆ ರೋಗಿಯನ್ನು ಬಿಡುಗಡೆ ಮಾಡುವುದಿಲ್ಲ. ಬಂಧುಗಳು ಹಿರಿಯ ಅಧಿಕಾರಿಯ ಖಾತೆಗೆ ಮೊರೆಯಿಡುತ್ತಾರೆ. ಅಧಿಕಾರಿಯ ಒಂದು ಮಾತಿನಿಂದ ಬಿಕ್ಕಟ್ಟು ಬಗೆಹರಿಯುತ್ತದೆ. ಅಂತಹ ಸ್ಪಂದನೆಗೆ ಮೆಚ್ಚುಗೆ ಸಲ್ಲಬೇಕಾದುದೇ. ಆದರೆ ಹಕ್ಕಾಗಿ ದೊರೆಯಬೇಕಾದುದು ಕೃಪೆಯಾಗಿ ದೊರೆಯುತ್ತಿದ್ದರೆ, ಆ ಕೃಪೆ ತಲುಪದವರ ಗತಿಯೇನು?

ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಅಪಘಾತಕ್ಕೊಳಗಾದವರಿಗೆ ತುರ್ತು ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವಿದೆ. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿಯನ್ನು ವಿರೋಧಿಸಿ ವೈದ್ಯರು ಮುಷ್ಕರ ಹೂಡಿದ್ದು, ರೋಗಿಗಳು ಪರದಾಡಿದ್ದು ಓದುಗರಿಗೆ ನೆನಪಿರಬಹುದು. ಕೆಲವು ಕಠಿಣ ಅಂಶಗಳನ್ನು ಸಡಿಲಿಸಿದ ಬಳಿಕ ತಿದ್ದುಪಡಿ ಅಂಗೀಕಾರವಾಯಿತು. ಸೇವಾ ದರಗಳನ್ನು ಪ್ರದರ್ಶಿಸಬೇಕು, ತುರ್ತು ಸಂದರ್ಭದಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯಬಾರದು, ರೋಗಿ ಮೃತಪಟ್ಟರೆ ಬಾಕಿ ಪಾವತಿಗೆ ಪಟ್ಟು ಹಿಡಿಯದೆ ದೇಹವನ್ನು ಹಸ್ತಾಂತರಿಸಬೇಕು ಎಂಬುದು ಇಂದಿನ ಕಾನೂನು. ದೂರು ಆಲಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲಿಯೂ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ಸನ್ನದು 17 ಹಕ್ಕುಗಳನ್ನು ಪಟ್ಟಿ ಮಾಡಿದೆ. ಬಾಬ್ತುವಾರು ಬಿಲ್ಲು ಪಡೆಯುವುದು, ಔಷಧವನ್ನು ತಮಗೆ ಬೇಕಾದ ಅಂಗಡಿಯಲ್ಲಿ ಕೊಳ್ಳುವುದು ಅವುಗಳಲ್ಲಿ ಸೇರಿವೆ.

ಇಷ್ಟಿದ್ದೂ ಜನ ಜಾಲತಾಣದ ಬಾಗಿಲು ತಟ್ಟುವುದೇಕೆ? ಪ್ರಾಧಿಕಾರವೊಂದು ಇದೆಯೆಂಬುದೇ ಹಲವರಿಗೆ ತಿಳಿಯದು. ತಿಳಿದವರಿಗೆ ಅದರ ವೇಗದಲ್ಲಿ ನಂಬಿಕೆಯಿಲ್ಲ. ಜಾಲತಾಣದ ಪರಿಹಾರಕ್ಕಾದರೋ ದಾಖಲೆ ಸಂಖ್ಯೆಯಿಲ್ಲ, ಆಸ್ಪತ್ರೆಯ ವಾದವನ್ನು ಆಲಿಸುವ ಕ್ರಮವಿಲ್ಲ, ಲಿಖಿತ ಆದೇಶವಿಲ್ಲ. ಒಬ್ಬ ರೋಗಿಯ ಬಿಲ್ಲು ಇಳಿದರೂ ಮರುದಿನ ಬರುವ ರೋಗಿಗೆ ಅದರಿಂದ ಲಾಭವಿಲ್ಲ. ಸ್ಮಾರ್ಟ್ ಫೋನ್ ಇಲ್ಲದ ಕೂಲಿಕಾರ್ಮಿಕನಿಗೆ ಆ ಬಾಗಿಲೇ ಇಲ್ಲ. ಮೇಲಾಗಿ ರೋಗಿಯ ಹೆಸರು, ಭಾವಚಿತ್ರ, ಕಾಯಿಲೆಯ ವಿವರ ಲೋಕಕ್ಕೆಲ್ಲ ಬಯಲಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿರುವುದನ್ನು ಅಧಿಕಾರಿಗಳು ಮರೆಯಬಾರದು.

ಅಧಿಕಾರಿಗಳು ಜಾಲತಾಣದಿಂದ ದೂರವಿರಬೇಕೆಂದು ನಾವು ಹೇಳುತ್ತಿಲ್ಲ. ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಿಗೆ 2014ರಲ್ಲಿ ತಂದ ತಿದ್ದುಪಡಿಯು ಉತ್ತರದಾಯಿತ್ವ, ಪಾರದರ್ಶಕತೆ ಹಾಗೂ ದುರ್ಬಲ ವರ್ಗದವರಿಗೆ ಸ್ಪಂದಿಸುವ ಗುಣವನ್ನು ಅಧಿಕಾರಿಗಳಿಂದ ಅಪೇಕ್ಷಿಸುತ್ತದೆ. ಖಾತೆಯನ್ನು ಆ ದಾರಿಯಲ್ಲಿ ಬಳಸಬಹುದು. ಪ್ರಾಧಿಕಾರದ ವಿಳಾಸ, ದೂರು ಸಲ್ಲಿಸುವ ಬಗೆ, ಬಂದ ದೂರುಗಳೆಷ್ಟು, ಇತ್ಯರ್ಥವಾದವೆಷ್ಟು ಎಂಬುದನ್ನು ಪ್ರಕಟಿಸಲಿ. ಬಂದ ಮೊರೆಯನ್ನು ದೂರಾಗಿ ದಾಖಲಿಸಿಕೊಂಡು ಸಂಖ್ಯೆ ನೀಡಲಿ. ಸ್ವಂತ ಚಿತ್ರ, ಪ್ರಶಂಸೆಗಳ ಪ್ರದರ್ಶನಕ್ಕೆ ಸರ್ಕಾರಿ ಹುದ್ದೆಯ ಖಾತೆ ವೇದಿಕೆಯಾಗಬಾರದು.

ಆಸ್ಪತ್ರೆಗಳ ಕಷ್ಟವನ್ನೂ ನಾವು ಅಲ್ಲಗಳೆಯುವುದಿಲ್ಲ. ಉಪಕರಣ, ಸಿಬ್ಬಂದಿ, ಔಷಧಗಳಿಗೆ ವೆಚ್ಚವಿದೆ. ನ್ಯಾಯವಾದ ಬಾಕಿಯನ್ನು ಕಾನೂನಿನ ಮಾರ್ಗದಲ್ಲಿ ವಸೂಲು ಮಾಡುವ ಅಧಿಕಾರವೂ ಅವಕ್ಕಿದೆ. ಆದರೆ ಮನುಷ್ಯನ ದೇಹ ಸಾಲಕ್ಕೆ ಒತ್ತೆಯಾಗಲಾರದು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ದಾಖಲಾಗುವ ಮೊದಲೇ ದರಪಟ್ಟಿ ಹಾಗೂ ಅಂದಾಜು ವೆಚ್ಚ ಕೇಳಿರಿ, ಪಡಿತರ ಚೀಟಿ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಅನ್ವಯಿಸುವುದೇ ಎಂದು ವಿಚಾರಿಸಿರಿ, ಪ್ರತಿ ಪಾವತಿಗೂ ರಸೀದಿ ಪಡೆಯಿರಿ. ಅನ್ಯಾಯವಾದಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಿ, ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಹಾಗೆ ಸಲ್ಲುವ ಒಂದೊಂದು ದೂರೂ ಫೋನಿಲ್ಲದವನ ಪಾಲಿಗೂ ಆ ಬಾಗಿಲನ್ನು ತೆರೆದಿಡುತ್ತದೆ.