ಗಣಕಯಂತ್ರ ಬಂದಿದೆ, ಲೆಕ್ಕ ಯಾರಿಗಾಗಿ?

ಬೆಂಗಳೂರಿನ ಪೂರ್ವ ಭಾಗದ ಸಣ್ಣ ಕೈಗಾರಿಕೆಗಳು ದೊಡ್ಡ ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಐಟಿಐ, ಮುಂದೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಸ್ಥಾಪನೆಗೊಂಡವು. ಇಂಥ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಘಟಕಗಳು ಖರೀದಿದಾರನ ನಕ್ಷೆಯಂತೆ ವಸ್ತುವನ್ನು ತಯಾರಿಸಿ, ಆತ ಕೇಳಿದ ತಪಾಸಣಾ ಪತ್ರವನ್ನು ಲಗತ್ತಿಸಿ ಕಳುಹಿಸುವ ರೂಢಿ ಬೆಳೆಯಿತು. ದಾಖಲೆಯೆಂದರೆ ಪರರಿಗೆ ಒಪ್ಪಿಸಬೇಕಾದ ಕಾಗದ ಎಂಬ ಭಾವನೆ ಅದರೊಂದಿಗೇ ಬೇರೂರಿತು. ಎನ್‌ಜಿಇಎಫ್ ಮುಚ್ಚಿಹೋಯಿತು, ಆ ಭಾವನೆ ಉಳಿದಿದೆ.

ಡಿಜಿಟಲ್ ಪರಿವರ್ತನೆಗೆ ಬಂಡವಾಳದ ಕೊರತೆ ಮತ್ತು ನುರಿತ ನೌಕರರ ಅಭಾವವೇ ಅಡ್ಡಿಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2018ರಲ್ಲಿ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇವೆಲ್ಲಕ್ಕೂ ಘಟಕಗಳು ಹೇಗೋ ಹಣವನ್ನೂ ಜನರನ್ನೂ ಹೊಂದಿಸಿಕೊಂಡವು. ಆದರೆ ಅನೇಕ ಕಡೆ ಗಣಕಯಂತ್ರವು ಕಚೇರಿಯ ಹೊಸ್ತಿಲನ್ನು ದಾಟಲಿಲ್ಲ. ಯಂತ್ರದ ಬಳಿಯ ಕೆಲಸದ ಚೀಟಿ ಇಂದಿಗೂ ಕೈಬರಹದಲ್ಲಿಯೇ ಇದೆ. ದಾಖಲೆಯ ಫಲ ತನಗಲ್ಲ, ತೆರಿಗೆ ಇಲಾಖೆಗೆ ಮತ್ತು ಖರೀದಿದಾರನಿಗೆ ಎಂದು ಮಾಲೀಕನು ಭಾವಿಸಿರುವುದೇ ಇದಕ್ಕೆ ಕಾರಣ.

2025ರ ಜುಲೈ ತಿಂಗಳು ಈ ಶಂಕೆಯನ್ನು ಬಲಪಡಿಸಿತು. ಯುಪಿಐ ಮೂಲಕ ಜಮೆಯಾದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ತೆರಿಗೆಯಿಲ್ಲದ ಹಾಲು, ತರಕಾರಿ ಮಾರುವವರಿಗೂ ಅದು ತಲುಪಿತು. ನಗರದ ಅನೇಕ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಸರ್ಕಾರವು ಅದೇ ತಿಂಗಳು ಮೆದುವಾಯಿತಾದರೂ, ದಾಖಲೆ ಎಂದರೆ ದಂಡ ಎಂಬ ಪಾಠ ಆ ವೇಳೆಗೆ ಹರಡಿತ್ತು.

ಆದರೆ ದಾಖಲೆಯು ಮಾಲೀಕನ ಪರವಾಗಿಯೂ ದುಡಿಯಬಲ್ಲದು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು, ಒಪ್ಪಂದವಿದ್ದರೂ ಸರಕು ಸ್ವೀಕಾರದ 45 ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ, ತಲುಪಿದ ದಿನವೇ ಸ್ವೀಕಾರದ ದಿನವಾಗುತ್ತದೆ. 2023ರ ತಿದ್ದುಪಡಿಯಿಂದಾಗಿ, ಈ ಅವಧಿ ಮೀರಿದ ಬಾಕಿಯನ್ನು ಖರೀದಿದಾರನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವಾಗಿ ತೋರಿಸಬಹುದು. ಆದರೆ ಸರಕು ತಲುಪಿದ ದಿನಾಂಕಕ್ಕೆ ಪುರಾವೆಯಿಲ್ಲದವನಿಗೆ ಈ ರಕ್ಷಣೆ ಕೈಗೆಟುಕುವುದು ಕಷ್ಟ.

ಟ್ರೆಡ್ಸ್ ವ್ಯವಸ್ಥೆಯೂ ಹೀಗೆಯೇ. ಖರೀದಿದಾರನು ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕುಗಳು ಪೈಪೋಟಿಯ ದರದಲ್ಲಿ ಮುಂಗಡ ಹಣ ನೀಡುತ್ತವೆ; ಖರೀದಿದಾರನು ತಪ್ಪಿದರೂ ಮಾರಾಟಗಾರನ ಮೇಲೆ ಹೊಣೆ ಬೀಳದು. 2024ರ ನವೆಂಬರ್‌ನ ಅಧಿಸೂಚನೆಯು 250 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನ ಕಂಪನಿಗಳಿಗೆ ಇದರಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ನೋಂದಣಿ ಬೇರೆ, ಬಿಲ್ಲನ್ನು ಒಪ್ಪುವುದು ಬೇರೆ.

ಆದ್ದರಿಂದ ಮಹದೇವಪುರ ಅಥವಾ ಹೂಡಿಯ ಸಣ್ಣ ಘಟಕವು ದುಬಾರಿ ತಂತ್ರಾಂಶದಿಂದ ಆರಂಭಿಸಬೇಕಾಗಿಲ್ಲ. ಯಾವ ಸರಕು, ಎಷ್ಟು, ಎಂದು ತಲುಪಿತು, ಯಾರು ಸಹಿ ಮಾಡಿದರು ಎಂಬ ಒಂದೇ ಪುಸ್ತಕವನ್ನು ಗಣಕೀಕರಿಸಿ, ಪ್ರತಿ ಬಿಲ್ಲಿನೊಂದಿಗೆ ಜೋಡಿಸಿದರೆ ಸಾಕು. ಅದರಿಂದ ಒಂದು ಬಾಕಿ ವಸೂಲಾದರೆ, ಎರಡನೆಯ ಪುಸ್ತಕಕ್ಕೆ ಯಾರ ಉಪದೇಶವೂ ಬೇಕಾಗದು.

ಶಿವಾಜಿನಗರ, ಹಲಸೂರಿನ ವರ್ತಕರಿಗೆ ಈ ದಾರಿಯೂ ಪೂರ್ಣವಾಗಿ ತೆರೆದಿಲ್ಲ. 2021ರಲ್ಲಿ ಉದ್ಯಮ್ ನೋಂದಣಿಗೆ ಅವರನ್ನು ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲಕ್ಕಷ್ಟೇ. ಬಾಕಿ ಪಾವತಿಯ ರಕ್ಷಣೆ ಅವರಿಗಿಲ್ಲ. ಲೆಕ್ಕ ಕೇಳುವ ಸರ್ಕಾರವು, ಲೆಕ್ಕವಿಟ್ಟವನಿಗೆ ಅದರ ಫಲವನ್ನೂ ದೊರಕಿಸಿಕೊಡಬೇಕು. ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಬೇಕಾದದ್ದು ಇದನ್ನೇ.