ಬೆರೆತ ಅಡುಗೆ, ಬೆರೆಯದ ಪಂಕ್ತಿ

ಯಾವ ಬೆರಕೆಯೂ ಇಲ್ಲದ ಶುದ್ಧ ಅಡುಗೆ ಎಂಬುದು ಲೋಕದಲ್ಲಿ ಇದೆಯೇ? ಇದ್ದರೆ ಅದು ಯಾರ ಮನೆಯಲ್ಲಿದೆ? ಈ ಪ್ರಶ್ನೆ ನಮಗೆ ಸಂಬಂಧಿಸಿದ್ದಲ್ಲವೆಂದು ಓದುಗರು ಭಾವಿಸಬಾರದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಪರದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯೇ ಸಂಸಾರ ಹೂಡುತ್ತಿದ್ದಾರೆ. ಅವರನ್ನು ಕಂಡುಬರಲು ಹೋದ ಹಿರಿಯರು ಮರಳಿ ಬಂದಾಗ ಆಡುವ ಮಾತುಗಳಲ್ಲಿ ಅಚ್ಚರಿಗಿಂತ ಆತಂಕವೇ ಹೆಚ್ಚು.

ಇತ್ತೀಚೆಗೆ ಟೋಕಿಯೊದಿಂದ ಮರಳಿದ ತಾಯಿಯೊಬ್ಬರು ಇಂತಹ ಆತಂಕವನ್ನು ನಮ್ಮಲ್ಲಿ ತೋಡಿಕೊಂಡರು. ಮಗ, ಜಪಾನೀ ಸೊಸೆ, ಪುಟ್ಟ ಮೊಮ್ಮಗಳು ಒಂದು ಸಂಜೆ ಅವರನ್ನು ಸಾಧಾರಣವಾದೊಂದು ಹೋಟೆಲಿಗೆ ಊಟಕ್ಕೆ ಕರೆದೊಯ್ದರಂತೆ. ಹೋಟೆಲಿನ ಹೆಸರು ಇಟಲಿಯದು. ತಟ್ಟೆಗೆ ಬಂದದ್ದು ಉಪ್ಪಿನಲ್ಲಿಟ್ಟ ಮೀನಿನ ಮೊಟ್ಟೆ ಹಾಗೂ ಬೆಣ್ಣೆಯಲ್ಲಿ ಕಲಸಿ, ಮೇಲೆ ಕಡಲಪಾಚಿಯ ಎಳೆಗಳನ್ನು ಉದುರಿಸಿದ ಸ್ಪಾಗೆಟಿ. “ಸ್ವಾಮಿ, ಅದು ಇಟಲಿಯದೂ ಅಲ್ಲ, ಜಪಾನಿನದೂ ಅಲ್ಲ. ನನ್ನ ಮೊಮ್ಮಗಳೂ ಹಾಗೆಯೇ ಆಗುವಳೋ ಏನೋ” ಎಂದರು. ಅವರ ದುಃಖ ಅಡುಗೆಯದ್ದಲ್ಲ ಎಂಬುದು ಸ್ಪಷ್ಟ. ಆದರೂ ಅದಕ್ಕೆ ಉತ್ತರವನ್ನು ಮೊದಲು ಅಡುಗೆಯಲ್ಲಿಯೇ ಹುಡುಕೋಣ.

ಮೀನಿನ ಮೊಟ್ಟೆಯ ಈ ಸ್ಪಾಗೆಟಿಯನ್ನು ಜಪಾನೀಯರು ‘ತಾರಾಕೊ ಸ್ಪಾಗೆಟಿ’ ಎನ್ನುತ್ತಾರೆ. ಟೋಕಿಯೊದ ‘ಕಾಬೆ ನೊ ಆನಾ’ ಎಂಬ ಹೋಟೆಲಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಅಡುಗೆ ಅದು. ಎರಡನೆಯ ಮಹಾಯುದ್ಧದ ತರುವಾಯ ಯೊಕೊಹಾಮಾದಲ್ಲಿ ಕಾಣಿಸಿಕೊಂಡ ‘ನಾಪೊರಿತಾನ್’ ಇನ್ನೊಂದು. ಹೆಸರು ನೇಪಲ್ಸ್ ನಗರದ್ದು. ಆದರೆ ಟೊಮೆಟೊ ಕೆಚಪ್ಪಿನಲ್ಲಿ ಹುರಿದ ಆ ಸ್ಪಾಗೆಟಿಯನ್ನು ನೇಪಲ್ಸಿನ ಗೃಹಿಣಿ ತನ್ನದೆಂದು ಒಪ್ಪಲಾರಳು.

ಹಾಗಾದರೆ ಇವು ಬರೀ ಕಲಬೆರಕೆಯೇ? ಇಟಲಿಯ ಹೆಮ್ಮೆಯಾದ ಟೊಮೆಟೊ ಆ ನೆಲದ್ದಲ್ಲ. 16ನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಹಡಗೇರಿ ಬಂದದ್ದು. ಜಪಾನಿನ ಹೆಮ್ಮೆಯಾದ ತೆಂಪುರಾ ಪೋರ್ಚುಗೀಸರಿಂದ ಕಲಿತ ಕರಿದ ತಿನಿಸು. ವರ್ಷದ ನಾಲ್ಕು ಋತುಗಳಲ್ಲಿ ಮಾಂಸವರ್ಜಿಸಿ ಆಚರಿಸುತ್ತಿದ್ದ ಉಪವಾಸಗಳ ಲತೀನ್ ಹೆಸರಿನಲ್ಲಿರುವ ‘ತೆಂಪೊರಾ’ ಎಂಬ ಪದವೇ ತೆಂಪುರಾ ಆಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ದೂರವೇಕೆ? ನಮ್ಮ ಮೀನುಸಾರಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಪರದೇಶಿಯೇ. ಅದನ್ನು ಹೊರಗಟ್ಟಿ ‘ಶುದ್ಧ’ ಸಾರು ಮಾಡೋಣವೆಂದರೆ ಒಪ್ಪುವವರು ಯಾರು?

ಬೆರೆಯುವುದು ಎಂದರೇನು ಎಂಬುದನ್ನು ತತ್ವಜ್ಞಾನಿ ಅರಿಸ್ಟಾಟಲ್ ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾನೆ. ಗೋಧಿಯ ಕಾಳನ್ನೂ ಬಾರ್ಲಿಯ ಕಾಳನ್ನೂ ಒಂದೇ ಚೀಲಕ್ಕೆ ಸುರಿದರೆ ಅದು ಮಿಶ್ರಣವಲ್ಲ, ರಾಶಿ. ಪ್ರತಿಯೊಂದು ಕಾಳೂ ತನ್ನಷ್ಟಕ್ಕೆ ತಾನಿರುತ್ತದೆ. ಒಂದು ಹನಿ ದ್ರಾಕ್ಷಾರಸವನ್ನು ಹತ್ತು ಸಾವಿರ ಅಳತೆ ನೀರಿಗೆ ಹಾಕಿದರೆ ಅದೂ ಮಿಶ್ರಣವಲ್ಲ. ಹನಿ ನೀರೇ ಆಗಿಬಿಡುತ್ತದೆ. ಎರಡು ವಸ್ತುಗಳು ಕೂಡಿ ಹೊಸತೊಂದು ಉಂಟಾಗಿ, ಎರಡರ ಶಕ್ತಿಯೂ ಅದರಲ್ಲಿ ಉಳಿದಾಗ ಮಾತ್ರ ನಿಜವಾದ ಮಿಶ್ರಣ. ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಕುರಿತೇ ಕಿರುಗ್ರಂಥವೊಂದನ್ನು ಬರೆದಿದ್ದಾರೆ.

ಈ ಅಳತೆಗೋಲಿನಿಂದ ನೋಡಿದರೆ ಆ ತಾಯಿ ಕಂಡ ತಟ್ಟೆ ರಾಶಿಯಲ್ಲ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಎ ಇಕೆಡಾ ಅವರು ಕಡಲಪಾಚಿಯ ಸಾರಿನ ರುಚಿಗೆ ಕಾರಣವಾದ ಗ್ಲುಟಮೇಟನ್ನು ಗುರುತಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಅದೇ ಗ್ಲುಟಮೇಟು ಇಟಲಿಯ ಹಣ್ಣಾದ ಟೊಮೆಟೊದಲ್ಲಿಯೂ ಬಹುಕಾಲ ಮಾಗಿಸಿದ ಪಾರ್ಮೆಸಾನ್ ಚೀಸಿನಲ್ಲಿಯೂ ಹೇರಳವಾಗಿದೆ. ಇಟಲಿಯ ಬೇಸಿಲ್ ಸೊಪ್ಪಿನ ಸ್ಥಾನದಲ್ಲಿ ಜಪಾನೀಯರು ಬಳಸುವ ಶಿಸೊ ಎಲೆಯೂ ಬೇಸಿಲ್ಲೂ ನಮ್ಮ ತುಳಸಿಯೂ ಪುದೀನದ ಕುಟುಂಬಕ್ಕೆ ಸೇರಿದ ಸಸ್ಯಗಳು. ಎಂದರೆ ಬಾಣಸಿಗನು ಎರಡು ಅಪರಿಚಿತ ಪದಾರ್ಥಗಳನ್ನು ಬಲವಂತವಾಗಿ ಕೂಡಿಸಲಿಲ್ಲ. ಅವುಗಳೊಳಗೆ ಮೊದಲೇ ಇದ್ದ ನಂಟನ್ನು ಕಂಡುಕೊಂಡನು.

ಆದರೆ ಇಲ್ಲಿ ಒಂದು ಷರತ್ತಿದೆ, ಅದನ್ನು ಮರೆಯುವಂತಿಲ್ಲ. ಪಾಸ್ತಾವನ್ನು ಹದವಾಗಿ ಬೇಯಿಸಲು ತಿಳಿಯದವನೂ ಕಡಲಪಾಚಿಯ ಸಾರಿಳಿಸಲು ಬಾರದವನೂ ಮಾಡುವ ಬೆರಕೆ ಬೆರಕೆಯಲ್ಲ, ಮರೆವು. ಆ ತಾಯಿಯ ಭಯದಲ್ಲಿ ಇಷ್ಟರ ಮಟ್ಟಿಗೆ ಸತ್ಯವಿದೆ. ಅಜ್ಜಿಯ ಭಾಷೆಯ ನಾಲ್ಕು ಮಾತು, ಅಜ್ಜಿಯ ಕೈಯಡುಗೆ, ಅಜ್ಜಿಯ ಸಂಜೆಯ ಪ್ರಾರ್ಥನೆ ಮಗುವಿಗೆ ತಲುಪದಿದ್ದರೆ ಅವಳು ನೀರಿಗೆ ಬಿದ್ದ ಹನಿಯಾಗುವಳು. ಆಗ ತಪ್ಪು ಹೋಟೆಲಿನದ್ದಲ್ಲ, ತಲುಪಿಸದವರದ್ದು. ಪರಿಹಾರವೂ ಅಲ್ಲಿಯೇ ಇದೆ: ಮಗುವಿನ ಮುಂದಿರುವ ತಟ್ಟೆಯನ್ನು ಹಳಿಯುವುದರಲ್ಲಿಲ್ಲ, ಆ ತಟ್ಟೆಯ ಪಕ್ಕದಲ್ಲಿ ಕುಳಿತು ನಮ್ಮದನ್ನೂ ಕಲಿಸುವುದರಲ್ಲಿದೆ.

ಇಟಲಿ ಮತ್ತು ಜಪಾನ್ ಒಂದೇ ಪಂಕ್ತಿಯಲ್ಲಿ ಕುಳಿತದ್ದು ನಿನ್ನೆ ಮೊನ್ನೆಯಲ್ಲ. 1579ರಲ್ಲಿ ಜಪಾನಿಗೆ ಬಂದ ಯೇಸುಸಭೆಯ ಇಟಾಲಿಯನ್ ಗುರು ಅಲೆಸ್ಸಾಂದ್ರೊ ವಲಿನ್ಯಾನೊ ತನ್ನ ಸಹೋದರ ಗುರುಗಳಿಗೆ ಜಪಾನೀಯರ ಊಟದ ರೀತಿಯನ್ನೂ ಶಿಷ್ಟಾಚಾರವನ್ನೂ ಅನುಸರಿಸುವಂತೆ ವಿಧಿಸಿದನು. ಅತಿಥಿಗಳಿಗೆ ಚಹಾ ನೀಡುವ ಏರ್ಪಾಡು ಅವರ ನಿವಾಸಗಳಲ್ಲಿ ಇರಬೇಕೆಂದನು. ಅವನ ಯೋಜನೆಯಂತೆ 1582ರಲ್ಲಿ ಹೊರಟ ನಾಲ್ವರು ಜಪಾನೀ ತರುಣರು ಗೋವೆಯ ಮಾರ್ಗವಾಗಿ ಸಾಗಿ 1585ರಲ್ಲಿ ರೋಮಿನಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರನ್ನು ಕಂಡರು. ಪರರ ಮನೆಯ ಊಟವನ್ನು ಅವರ ರೀತಿಯಲ್ಲಿಯೇ ಉಣ್ಣುವುದು ವಿಶ್ವಾಸಕ್ಕೆ ಕುಂದಲ್ಲವೆಂದು ಆ ಗುರು ಅರಿತಿದ್ದನು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಊರುಗಳ ಹೋಟೆಲುಗಳಲ್ಲಿಯೂ ಬೆರಕೆಯ ಅಡುಗೆಗೆ ಇಂದು ಕೊರತೆಯಿಲ್ಲ. ದುಡ್ಡು ತೆತ್ತು, ಮಕ್ಕಳೊಡನೆ ಚಪ್ಪರಿಸಿ ತಿನ್ನುತ್ತೇವೆ. ನಾಲಿಗೆ ಯಾವ ಜಾತಿಯನ್ನೂ ಕೇಳುವುದಿಲ್ಲ. ಆದರೆ ಮಗಳು ಬೇರೆ ಜಾತಿಯವನನ್ನು, ಬೇರೆ ಭಾಷೆಯವನನ್ನು ವರಿಸಿದಳೆಂದರೆ ಹಬ್ಬದ ಊಟಕ್ಕೆ ಅವನನ್ನು ಕರೆಯದ ಮನೆಗಳು ನಮ್ಮ ನಡುವೆಯೇ ಇವೆ. ಒಂದೇ ಬಲಿಪೂಜೆಯಲ್ಲಿ ಒಂದೇ ಪ್ರಸಾದವನ್ನು ಸ್ವೀಕರಿಸಿದವರು ಮಧ್ಯಾಹ್ನ ಪ್ರತ್ಯೇಕ ಪಂಕ್ತಿಗಳಲ್ಲಿ ಕೂರುವ ಊರುಗಳೂ ಇವೆ. ತಟ್ಟೆಯಲ್ಲಿ ಬೆರಕೆಯನ್ನು ಮೆಚ್ಚುವವರು ಪಂಕ್ತಿಯಲ್ಲಿ ಬೆರಕೆಯನ್ನು ಸಹಿಸದಿರುವುದು ಯಾವ ನ್ಯಾಯ? ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಊಟಮಾಡುತ್ತಿದ್ದ ಪೇತ್ರನು ತನ್ನವರು ಬಂದೊಡನೆ ಹಿಂಜರಿದು ದೂರ ಸರಿದಾಗ, ಪೌಲನು ಅವನನ್ನು ಎಲ್ಲರೆದುರಿಗೇ ಖಂಡಿಸಿದನು. ಅಲ್ಲಿ ಎದ್ದ ಪ್ರಶ್ನೆ ರುಚಿಯದ್ದಲ್ಲ. ಯಾರ ಜೊತೆ ಕೂರುತ್ತೇವೆ ಎಂಬುದು.

ಟೋಕಿಯೊದ ಆ ಸಾಧಾರಣ ಮೇಜಿನ ಸುತ್ತ ಭಾಷೆ ಬೇರೆಯಾದ ಇಬ್ಬರು ಸ್ತ್ರೀಯರು ಒಂದೇ ಮಗುವಿಗೆ ತುತ್ತಿಡಲು ಕುಳಿತಿದ್ದರು. ಅಡುಗೆ ಬೆರೆಯಲು ಒಬ್ಬ ಜಾಣ ಬಾಣಸಿಗ ಸಾಕು. ಮನುಷ್ಯರು ಬೆರೆಯಲು ಕುಳಿತವರೆಲ್ಲರ ಮನಸ್ಸು ಬೇಕು. ಬರುವ ಹಬ್ಬಕ್ಕೆ ನಮ್ಮ ನಮ್ಮ ಮನೆಯ ಪಂಕ್ತಿಯಲ್ಲಿ ಯಾರ ಸ್ಥಾನ ಖಾಲಿಯಿದೆಯೆಂದು ಪ್ರತಿಯೊಂದು ಕುಟುಂಬವೂ ಎಣಿಸಿ ನೋಡಲಿ. ಎಣಿಸಿದ ಮೇಲೆ ಆಮಂತ್ರಣ ಕಳುಹಿಸಲಿ.