ಗೋತ್ರ ಹೇಳಿದರೆ ಮುಗಿಯಿತೇ?

ಚೆನ್ನೈಯ ಕನ್ನಡಿಗರಾದ ನಾವು ಮೂಲದ ಪ್ರಶ್ನೆ ಬಂದಾಗ ಗೋತ್ರವನ್ನೋ ಬೆಡಗನ್ನೋ ಹೇಳಿ ಸುಮ್ಮನಾಗುತ್ತೇವೆ. ಗೋತ್ರ ಋಷಿಯ ಹೆಸರು ಹೇಳುತ್ತದೆ, ಮುತ್ತಜ್ಜಿಯ ಹೆಸರನ್ನಲ್ಲ.

ಚರ್ಚುಗಳು ಮದುವೆಯ ದಾಖಲೆಪುಸ್ತಕ ಇಡಬೇಕೆಂದು 1563ರಲ್ಲಿ ಟ್ರೆಂಟ್ ಧರ್ಮಸಭೆ ವಿಧಿಸಿತು. ಅರ್ಜೆಂಟೀನಾದಲ್ಲಿ ನೆಲೆಸಿದ ಇಟಲಿ ಮೂಲದವರು ಇಂದಿಗೂ ಅಂಥ ಪುಸ್ತಕಗಳಲ್ಲಿ ಪೂರ್ವಿಕರನ್ನು ಹುಡುಕುತ್ತಾರೆ. ಮಂಗಳೂರಿನ ಕ್ಯಾಥೊಲಿಕರಿಗೂ ದೀಕ್ಷಾಸ್ನಾನದ ಪುಸ್ತಕಗಳೇ ದಾರಿ. ಅಲ್ಲಿ ತಾಯಿಯ ಹೆಸರೂ ಉಂಟು.

ಚರ್ಚಿನ ಪುಸ್ತಕವಿಲ್ಲದವರಿಗೆ ದಾರಿಯೇ ಇಲ್ಲವೆಂಬುದು ಸೋಮಾರಿತನದ ಮಾತು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಆ ಜಿಲ್ಲೆಗಳ ಹಳೆಯ ಕಡತಗಳು ನಮ್ಮ ಎಗ್ಮೋರಿನ ಪತ್ರಾಗಾರದಲ್ಲಿವೆ. 1858ರಲ್ಲಿ ಆರಂಭವಾದ ಇನಾಂ ಆಯೋಗದ ರಿಜಿಸ್ಟರುಗಳು, ಜಮೀನು ಅನುಭವಿಸುತ್ತಿದ್ದವನ ವಯಸ್ಸು, ವಾಸದ ಊರು, ಮೂಲ ಇನಾಂದಾರನೊಂದಿಗಿನ ನಂಟುಗಳನ್ನು ಬರೆದಿಟ್ಟಿವೆ.

ಇಂಗ್ಲಿಷ್ ಲಿಪಿಯಲ್ಲಿ ತಿರುಚಿಹೋದ ಹೆಸರನ್ನೂ ಊರನ್ನೂ ಗುರುತಿಸಲು ಕನ್ನಡದ ಕಿವಿ ಬೇಕು. ಅದು ನಮ್ಮ ಹಿರಿಯರಲ್ಲಿದೆ. ಕನ್ನಡ ಓದಲು ಬಾರದ ಮೊಮ್ಮಕ್ಕಳಲ್ಲಿ ಇರಲಾರದು. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ನಮ್ಮ ಸಂಘಗಳು ಈ ಹಿರಿಯರನ್ನು ಇನ್ನಾದರೂ ಎಗ್ಮೋರಿಗೆ ಕರೆದೊಯ್ಯಲಿ, ಜೊತೆಗೆ ಮೊಮ್ಮಕ್ಕಳನ್ನೂ.